ಎದೆಬಡಿತದ ಔಷಧಿಗೆ ಹೆಸರಾದ ಹಕೀಮ್ ಅಜ್ಮಲ್ ಖಾನ್

ದೊಡ್ಡ ಹೃದ್ರೋಗ ಆಸ್ಪತ್ರೆಗಳಲ್ಲಿ ಎದೆಬಡಿತದ ಲಯವನ್ನು ಪರೀಕ್ಷಿಸಲು ಬಳಸುವ ಔಷಧಿಗಳಲ್ಲಿ ಒಂದರ ಹೆಸರು ಅಜ್ಮಲೀನ್. ಈ ಹೆಸರು ಬಂದದ್ದು ದಿಲ್ಲಿಯ ಹಕೀಮ್ ಅಜ್ಮಲ್ ಖಾನರಿಂದ. ನಮ್ಮ ಇತಿಹಾಸ ಪುಸ್ತಕದಲ್ಲಿ ಅವರು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕಟ್ಟಿದವರಲ್ಲಿ ಒಬ್ಬರೆಂದು ಕೆಲವರಿಗೆ ಗೊತ್ತು. ಆದರೆ ನಾಡಿ ಹಿಡಿದು ಔಷಧಿ ಕೊಡುತ್ತಿದ್ದ ಹಕೀಮರ ಹೆಸರು ಇಸಿಜಿ ಯಂತ್ರದ ಪಕ್ಕಕ್ಕೆ ಹೇಗೆ ಬಂತು ಎನ್ನುವುದನ್ನು ನಾನು ಎಲ್ಲೂ ಪಾಠದಲ್ಲಿ ಓದಿರಲಿಲ್ಲ. ಅದಕ್ಕೇ ಈ ಲೇಖನ.

ಅವರು ಹುಟ್ಟಿದ್ದು 1868ರಲ್ಲಿ, ಹಳೇ ದಿಲ್ಲಿಯ ಬಲ್ಲೀಮಾರಾನಿನಲ್ಲಿ. ಉರ್ದು ಕವಿ ಮಿರ್ಜಾ ಗಾಲಿಬ್ ಕೊನೆಯ ದಿನಗಳನ್ನು ಕಳೆದದ್ದೂ ಅದೇ ಮೊಹಲ್ಲಾದಲ್ಲಿ. ಅವರು ತೀರಿಕೊಂಡಾಗ ಈ ಮಗುವಿಗೆ ಒಂದು ವರ್ಷ. ಮನೆಯ ಹೆಸರು ಶರೀಫ್ ಮಂಜಿಲ್. ಮೊಘಲ್ ದರ್ಬಾರಿನ ಹಕೀಮರಾಗಿದ್ದ ಹಕೀಮ್ ಶರೀಫ್ ಖಾನ್ ಇವರ ವಂಶದ ಹಿರಿಯರು. ತಂದೆ ಮಹಮೂದ್ ಖಾನ್, ಅಣ್ಣಂದಿರಾದ ಅಬ್ದುಲ್ ಮಜೀದ್ ಖಾನ್ ಮತ್ತು ವಾಸಿಲ್ ಖಾನ್ ಎಲ್ಲರೂ ಹಕೀಮರೇ. ಅಜ್ಮಲ್ ಬಾಲ್ಯದಲ್ಲೇ ಹಾಫಿಜ್ ಆದರು, ಆಮೇಲೆ ಮನೆಯಲ್ಲೇ ಯುನಾನಿ ವೈದ್ಯ ಕಲಿತರು. ಶೈದಾ ಎಂಬ ಹೆಸರಿನಲ್ಲಿ ಶಾಯರಿಯನ್ನೂ ಬರೆದರು.

1892ರಲ್ಲಿ ರಾಮ್‌ಪುರದ ನವಾಬರ ಮುಖ್ಯ ಹಕೀಮರಾದರು. ಅವರ ಫೀಸಿನ ಬಗ್ಗೆ ಒಂದು ಮಾತು ಪ್ರಸಿದ್ಧವಾಗಿದೆ. ದಿಲ್ಲಿಯಲ್ಲಿ ಬಂದ ರೋಗಿಗಳಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲವಂತೆ, ರಾಜರು ನವಾಬರು ಊರ ಹೊರಗೆ ಕರೆಸಿದರೆ ದಿನಕ್ಕೆ 1000 ರೂಪಾಯಿ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಅದಕ್ಕಿಂತ ಹೆಚ್ಚು ಹಿಡಿಸಿದ್ದು ಹಿಂದೂಸ್ತಾನಿ ದವಾಖಾನಾದ ಲೆಕ್ಕ. ನಮ್ಮ ಗದಗ ಕಡೆ ಕನ್ನಡದವರೂ ಆಸ್ಪತ್ರೆಗೆ ದವಾಖಾನಿ ಅಂತಾರೆ. ಹಕೀಮ್ ಸಾಹೇಬರದು ಆಸ್ಪತ್ರೆಯಲ್ಲ, ಔಷಧಿ ತಯಾರಿಸಿ ಮಾರುವ ಸಂಸ್ಥೆ. ಆದರೆ ಅದರ ಲಾಭ ಮನೆಗೆ ಹೋಗಲಿಲ್ಲ, ವೈದ್ಯ ಶಾಲೆಗೆ ಹೋಯಿತು. ಚಂದಾ ಎತ್ತಿ ನಡೆಸುವ ಶಾಲೆ ಒಂದು ವರ್ಷ ನಡೆಯುತ್ತದೆ, ಮರುವರ್ಷ ಕುಂಟುತ್ತದೆ. ಮಾರಾಟದ ಲಾಭದ ಮೇಲೆ ನಿಂತ ಶಾಲೆ ಹಾಗಲ್ಲ.

ಶಾಲೆಯನ್ನು ಶುರು ಮಾಡಿದ್ದು ದೊಡ್ಡಣ್ಣ. ಇಬ್ಬರು ಅಣ್ಣಂದಿರೂ ತೀರಿಕೊಂಡ ಮೇಲೆ ಹೊಣೆ ಇವರ ಮೇಲೆ ಬಿತ್ತು. 1909ರಲ್ಲಿ ಹೆಣ್ಣುಮಕ್ಕಳಿಗೂ ಒಂದು ಶಾಲೆ ತೆರೆದು ಸೂಲಗಿತ್ತಿಯರಿಗೆ ತರಬೇತಿ ಕೊಡಿಸಿದರು. ಅದೇ ಹೊತ್ತಿಗೆ ಬ್ರಿಟಿಷ್ ಸರ್ಕಾರ ವೈದ್ಯರ ನೋಂದಣಿ ಕಾನೂನು ತರಲು ಹೊರಟಿತ್ತು. ನೋಂದಣಿ ಸಿಗುವುದು ಇಂಗ್ಲಿಷ್ ವೈದ್ಯ ಕಲಿತವರಿಗೆ ಮಾತ್ರ. ಹಕೀಮರು, ವೈದ್ಯರು ಲೆಕ್ಕಕ್ಕೇ ಇಲ್ಲ. ಅಜ್ಮಲ್ ಖಾನ್ 1910ರಲ್ಲಿ ಯುನಾನಿ ಹಕೀಮರನ್ನೂ ಆಯುರ್ವೇದದ ಪಂಡಿತರನ್ನೂ ಒಂದೇ ಸಮ್ಮೇಳನಕ್ಕೆ ಕರೆದು ಕೂರಿಸಿದರು. ಎರಡೂ ಕಡೆಯವರಿಗೆ ತಮ್ಮದೇ ದೊಡ್ಡದೆಂಬ ಭಾವನೆ ಇದ್ದ ಕಾಲ ಅದು, ಸುಲಭದ ಕೆಲಸವಾಗಿರಲಿಕ್ಕಿಲ್ಲ.

ಇಲ್ಲಿ ಅವರು ಉಳಿದವರಿಗಿಂತ ಬೇರೆಯಾಗಿ ಕಾಣುತ್ತಾರೆ. ಸರ್ಕಾರದ ವಿರುದ್ಧ ತಮ್ಮ ವೈದ್ಯದ ಪರವಾಗಿ ನಿಂತರು, ಆದರೆ ಅದರಲ್ಲಿ ಕೊರತೆಯೇ ಇಲ್ಲವೆಂದು ವಾದಿಸಲಿಲ್ಲ. 1911ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಆಸ್ಪತ್ರೆಗಳನ್ನು ನೋಡಿದರು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಡಾ. ಎಂ.ಎ. ಅನ್ಸಾರಿಯವರ ಪರಿಚಯವಾಯಿತು. ಅಲ್ಲಿನ ಒಬ್ಬ ಪ್ರಸಿದ್ಧ ಸರ್ಜನ್ ರೋಗಿಯ ಪಿತ್ತಕೋಶದಲ್ಲಿ ದೋಷವೆಂದಾಗ ಹಕೀಮ್ ಸಾಹೇಬರು ಕೈಯಿಂದ ಪರೀಕ್ಷಿಸಿ, ಇಲ್ಲ, ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣು ಎಂದರಂತೆ, ಆಪರೇಷನ್ ಮಾಡಿದಾಗ ಅದೇ ನಿಜವಾಯಿತಂತೆ. ನಮ್ಮಲ್ಲಿ ಈ ಕಥೆಯನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅನಿಸುವ ಪ್ರಕಾರ ಕಥೆಗಿಂತ ದೊಡ್ಡದು ಅವರು ವಾಪಸ್ ಬಂದು ಮಾಡಿದ ಕೆಲಸ. ದಿಲ್ಲಿಯ ಕರೋಲ್ ಬಾಗಿನಲ್ಲಿ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜು ಕಟ್ಟಲು ಹೊರಟರು, ಅಲ್ಲಿ ಹಳೆಯ ಗ್ರಂಥಗಳ ಜೊತೆ ಅಂಗರಚನಾಶಾಸ್ತ್ರವನ್ನೂ ಇಟ್ಟರು. 1916ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್. 1921ರ ಫೆಬ್ರವರಿಯಲ್ಲಿ ಉದ್ಘಾಟಿಸಿದವರು ಮಹಾತ್ಮ ಗಾಂಧಿ. ಐದು ವರ್ಷದಲ್ಲಿ ದೇಶ ಎಷ್ಟು ತಿರುಗಿತು ಎನ್ನುವುದು ಈ ಎರಡು ಹೆಸರಿನಲ್ಲೇ ಇದೆ.

ಆ ತಿರುವಿನಲ್ಲಿ ಅವರೂ ಇದ್ದರು. 1920ರಲ್ಲಿ ಸರ್ಕಾರ ಕೊಟ್ಟಿದ್ದ ಹಾಜಿಕುಲ್ ಮುಲ್ಕ್ ಬಿರುದನ್ನು ಬಿಟ್ಟರು. ಜನ ಅದರ ಬದಲಿಗೆ ಮಸೀಹುಲ್ ಮುಲ್ಕ್ ಎಂದು ಕರೆದರು. ಅದೇ ವರ್ಷ ಜಾಮಿಯಾದ ಮೊದಲ ಕುಲಪತಿಯಾದರು. 1921ರಲ್ಲಿ ಸಿ.ಆರ್. ದಾಸ್ ಜೈಲಿನಲ್ಲಿದ್ದ ಕಾರಣ ಅಹಮದಾಬಾದ್ ಕಾಂಗ್ರೆಸ್ಸಿಗೆ ಅಧ್ಯಕ್ಷತೆ ವಹಿಸಿದರು. ಜಾಮಿಯಾಕ್ಕೆ ಹಣ ಸಾಲದಾದಾಗ ತಮ್ಮ ಕೈಯಿಂದ ಹಾಕಿದರು, 1925ರಲ್ಲಿ ಅದು ಅಲಿಗಢದಿಂದ ಕರೋಲ್ ಬಾಗಿಗೆ ಬಂತು.

ಈಗ ಬೇರಿನ ಕಥೆಗೆ ಬರುತ್ತೇನೆ. ಸಲೀಮುಜ್ಜಮಾನ್ ಸಿದ್ದೀಕಿ ಎಂಬ ಯುವಕ ಅಲಿಗಢದಲ್ಲಿ ತತ್ವಶಾಸ್ತ್ರ ಓದಿ, ಆಮೇಲೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1927ರಲ್ಲಿ ಮುಗಿಸಿದ್ದ. ಅವನನ್ನು ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಲು ಹಚ್ಚಿದವರು ಅಜ್ಮಲ್ ಖಾನ್. ಯೋಚಿಸಿ ನೋಡಿ. ತಲೆತಲಾಂತರದಿಂದ ಹಕೀಮಿ ಮಾಡಿಕೊಂಡು ಬಂದ ಮನೆತನದ ಹಿರಿಯರೇ ಒಬ್ಬ ಕೆಮಿಸ್ಟನಿಗೆ ತಮ್ಮ ಗಿಡಮೂಲಿಕೆಗಳನ್ನು ಕೊಟ್ಟು, ಇದರೊಳಗೆ ಏನಿದೆ ನೋಡು ಎನ್ನುವುದು. ಒಳಗೆ ಏನೂ ಇಲ್ಲವೆಂದು ಬಂದಿದ್ದರೆ? ಆ ಅಪಾಯ ಅವರಿಗೆ ಗೊತ್ತಿರಲೇಬೇಕು.

ಫಲಿತಾಂಶ ನೋಡಲು ಅವರು ಉಳಿಯಲಿಲ್ಲ. 1927ರ ಡಿಸೆಂಬರಿನಲ್ಲಿ ರಾಮ್‌ಪುರದಲ್ಲಿ ತೀರಿಕೊಂಡರು. ಕಾರಣ ಹೃದಯದ ಕಾಯಿಲೆ.

ಸಿದ್ದೀಕಿ ಕೈಗೆತ್ತಿಕೊಂಡದ್ದು ಸರ್ಪಗಂಧದ ಬೇರು. ಯುನಾನಿಯಲ್ಲಿ ಅದು ಅಸ್ರೋಲ್. ನಿದ್ದೆ ಬಾರದವರಿಗೆ, ತಲೆ ಕೆಟ್ಟವರಿಗೆ ಅದನ್ನು ಹಿಂದಿನಿಂದಲೂ ಕೊಡುತ್ತಿದ್ದರು. ಬಿಹಾರದ ಕಡೆ ಹುಚ್ಚಿನ ಮದ್ದು ಎಂದೇ ಹೆಸರು. 1931ರಲ್ಲಿ ಸಿದ್ದೀಕಿ ಅದರಿಂದ ಹಲವು ಕ್ಷಾರ ಪದಾರ್ಥಗಳನ್ನು ಶುದ್ಧ ಹರಳುಗಳಾಗಿ ಬೇರ್ಪಡಿಸಿ, ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು.

ಅಜ್ಮಲೀನ್ ಮಾಡುವ ಕೆಲಸವನ್ನು ನನಗೆ ಸೈನ್ಸ್ ವಿಭಾಗದ ಗೆಳತಿ ಬಿಡಿಸಿ ಹೇಳಿದಳು. ಹೃದಯ ಬಡಿಯುವುದು ವಿದ್ಯುತ್ ಸಂಕೇತದಿಂದ. ಹೃದಯದ ಜೀವಕೋಶಗಳ ಗೋಡೆಯಲ್ಲಿ ಸಣ್ಣ ಬಾಗಿಲುಗಳಿವೆ, ಅದರಿಂದ ಸೋಡಿಯಂ ಒಳನುಗ್ಗಿದಾಗ ಸಂಕೇತ ಮುಂದೆ ಓಡುತ್ತದೆ. ಅಜ್ಮಲೀನ್ ಆ ಬಾಗಿಲುಗಳನ್ನು ತಡೆಯುತ್ತದೆ. ಹಾಗಾಗಿ ಮೊದಲು ಇದನ್ನು ತಪ್ಪಿದ ಬಡಿತವನ್ನು ಹತೋಟಿಗೆ ತರಲು ಬಳಸಿದರು. 1992ರಲ್ಲಿ ಪೆದ್ರೊ ಮತ್ತು ಜೋಸೆಪ್ ಬ್ರುಗಾಡಾ ಎಂಬ ಅಣ್ಣತಮ್ಮಂದಿರು ಒಂದು ಕಾಯಿಲೆಯನ್ನು ವಿವರಿಸಿದರು. ಹೃದಯ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ವಿದ್ಯುತ್ತಿನಲ್ಲಿ ದೋಷ. ವಯಸ್ಸಿನ ಗಂಡಸರು ಮಲಗಿದಲ್ಲೇ ಹೋಗಿಬಿಡಬಹುದು. ಎಷ್ಟೋ ಸಲ ಇವರ ಇಸಿಜಿ ಕೂಡ ಸರಿಯಾಗಿ ಕಾಣುತ್ತದೆ. ಆಗ ಆಸ್ಪತ್ರೆಯಲ್ಲಿ, ಶಾಕ್ ಕೊಡುವ ಯಂತ್ರ ಪಕ್ಕದಲ್ಲಿಟ್ಟುಕೊಂಡು, ರಕ್ತನಾಳಕ್ಕೆ ಅಜ್ಮಲೀನ್ ಕೊಡುತ್ತಾರೆ. ಬಾಗಿಲುಗಳು ಮೊದಲೇ ದುರ್ಬಲವಾಗಿದ್ದರೆ ಅಡಗಿದ್ದ ದೋಷ ಇಸಿಜಿ ಗೆರೆಯಲ್ಲಿ ಎದ್ದು ಕಾಣುತ್ತದೆ. ಯುರೋಪಿನಲ್ಲಿ ಈ ಪರೀಕ್ಷೆ ಇಂದಿಗೂ ನಡೆಯುತ್ತದೆ.

ಅದೇ ಬೇರಿನಲ್ಲಿ ಇನ್ನೊಂದು ವಸ್ತು 1952ರವರೆಗೆ ಅಡಗಿತ್ತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದನ್ನು ತೆಗೆದು ರಿಸರ್ಪಿನ್ ಎಂದರು. ಅದಕ್ಕೂ ಮೊದಲೇ, 1949ರಲ್ಲಿ, ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಸರ್ಪಗಂಧ ಬಿಪಿ ಇಳಿಸುತ್ತದೆಂದು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ತೋರಿಸಿದ್ದರು. 1955ರಲ್ಲಿ ಅಮೆರಿಕದ ವಿಜ್ಞಾನಿಗಳು ರಿಸರ್ಪಿನ್ ಮೆದುಳಿನ ಸಿರೊಟೋನಿನ್ ದಾಸ್ತಾನನ್ನು ಖಾಲಿ ಮಾಡುತ್ತದೆಂದು ಕಂಡರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟಾಗ ಅವು ಅಲುಗಾಡದೆ ಬಿದ್ದವು. ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. ಡೋಪಮಿನ್ ಮೆದುಳಿನಲ್ಲಿ ಏನು ಮಾಡುತ್ತದೆ, ಪಾರ್ಕಿನ್ಸನ್ ಕಾಯಿಲೆಯವರ ಕೈಕಾಲು ಯಾಕೆ ಬಿಗಿಯುತ್ತದೆ ಎನ್ನುವ ದಾರಿ ಅಲ್ಲಿಂದ ತೆರೆಯಿತು. ಕಾರ್ಲ್‌ಸನ್ ಅವರಿಗೆ 2000ರಲ್ಲಿ ನೊಬೆಲ್ ಬಂತು.

ಇದೆಲ್ಲ ನನಗೆ ಪುಸ್ತಕದ ವಿಷಯ ಮಾತ್ರ ಅಲ್ಲ. ಲಕ್ಷ್ಮೇಶ್ವರದಲ್ಲಿರುವ ನನ್ನ ದಾದಿ ವರ್ಷಗಟ್ಟಲೆ ಬಿಪಿ ಗುಳಿಗೆಯ ಜೊತೆ ಅಸ್ರೋಲ್ ಪುಡಿಯನ್ನೂ ತೆಗೆದುಕೊಳ್ಳುತ್ತಿದ್ದರು. ಡಾಕ್ಟರಿಗೆ ಹೇಳಿರಲಿಲ್ಲ, ಬೈಯುತ್ತಾರೆಂಬ ಹೆದರಿಕೆ. ಕಳೆದ ವರ್ಷ ಅವರಿಗೆ ತಲೆ ತಿರುಗಿ, ನಾಡಿ ಬಹಳ ನಿಧಾನವಾಗಿ, ಗದಗಿಗೆ ಕರೆತಂದೆವು. ಡಾಕ್ಟರು ಕೇಳಿದ್ದು ಒಂದೇ, ಪುಡಿಯಲ್ಲಿ ಬೇರು ಎಷ್ಟಿದೆ? ಕಾಗದದ ಪೊಟ್ಟಣದ ಮೇಲೆ ಹೆಸರಿಲ್ಲ, ತೂಕವಿಲ್ಲ, ತಾರೀಖಿಲ್ಲ. ಮನೆಯಲ್ಲಿ ಜಗಳವೇ ಆಯಿತು. ಚಾಚಾ ಹಕೀಮಿ ಎಲ್ಲ ಸುಳ್ಳು ಎಂದರು. ದಾದಿ ಎರಡು ದಿನ ಮಾತಾಡಲಿಲ್ಲ, ಯಾಕೆಂದರೆ ಅವರ ತಂದೆಯೂ ಔಷಧಿ ಅರೆದು ಕೊಡುತ್ತಿದ್ದವರು. ನನಗೆ ಇಬ್ಬರ ಮಾತೂ ಒಪ್ಪಿಗೆಯಾಗಲಿಲ್ಲ. ಬೇರಿಗೆ ಬಲವಿಲ್ಲದಿದ್ದರೆ ದಾದಿಗೆ ತೊಂದರೆಯೂ ಆಗುತ್ತಿರಲಿಲ್ಲ. ಬಲ ಇರುವುದರಿಂದಲೇ ಅದನ್ನು ತೂಗಬೇಕು, ಡಾಕ್ಟರಿಗೆ ತಿಳಿಸಬೇಕು. ಪುಡಿ ನಿಂತ ಮೇಲೆ ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಿದರು, ಈಗ ದಾದಿ ಆರಾಮ ಇದ್ದಾರೆ. ಶಿರಹಟ್ಟಿ, ಮುಂಡರಗಿ ಕಡೆಯಿಂದ ಬರುವ ಗೆಳೆಯರ ಮನೆಗಳಲ್ಲೂ ಇಂಥ ಪೊಟ್ಟಣಗಳಿವೆ, ಕಪ್ಪತಗುಡ್ಡದ ಔಷಧಿ ಸಸ್ಯಗಳ ಮೇಲೆ ನಂಬಿಕೆ ಇಟ್ಟ ಊರುಗಳವು. ಮುಂದಿನ ಸಲ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಸಿದ್ದೀಕಿ 1940ರವರೆಗೆ ತಿಬ್ಬಿಯಾ ಕಾಲೇಜಿನ ಸಂಸ್ಥೆಯಲ್ಲಿದ್ದರು. ದೇಶ ಇಬ್ಭಾಗವಾಗಿ ಕೆಲವು ವರ್ಷಗಳ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲೂ ಗಿಡಗಳ ಮೇಲೆಯೇ ಕೆಲಸ ಮಾಡಿ 1994ರಲ್ಲಿ ತೀರಿಕೊಂಡರು. ಕರೋಲ್ ಬಾಗಿನಲ್ಲಿ ಕಾಲೇಜು ಇನ್ನೂ ಇದೆ. ಅಲ್ಲಿನ ಅಜ್ಮಲ್ ಖಾನ್ ರಸ್ತೆಯಲ್ಲಿ ಈಗ ಬಟ್ಟೆ, ಚಪ್ಪಲಿಯ ದೊಡ್ಡ ಮಾರ್ಕೆಟ್ ನಡೆಯುತ್ತದೆ.