ಹೆನ್ರಿ ಐರಿಂಗ್
ಹೆನ್ರಿ ಐರಿಂಗ್ (ಫೆಬ್ರವರಿ ೨೦, ೧೯೦೧ – ಡಿಸೆಂಬರ್ ೨೬, ೧೯೮೧) ಅಮೆರಿಕದ ಸೈದ್ಧಾಂತಿಕ ರಸಾಯನ ವಿಜ್ಞಾನಿ. ರಾಸಾಯನಿಕ ಕ್ರಿಯೆಗಳ ವೇಗವನ್ನು ವಿವರಿಸುವ ಸಂಕ್ರಮಣ ಸ್ಥಿತಿ ಸಿದ್ಧಾಂತದ ಪ್ರವರ್ತಕರಲ್ಲಿ ಇವರೊಬ್ಬರು.

ಜನನ ಮತ್ತು ಶಿಕ್ಷಣ

ಐರಿಂಗ್ ಅವರು ಮೆಕ್ಸಿಕೊದ ಕೊಲೋನಿಯಾ ಹ್ವಾರೆಸ್ ಎಂಬ ಮಾರ್ಮನ್ ನೆಲೆಯಲ್ಲಿ ಜನಿಸಿದರು. ತಂದೆ ಜಾನುವಾರು ಸಾಕಣೆಗಾರರು. ೧೯೧೨ರಲ್ಲಿ ಮೆಕ್ಸಿಕೊ ಕ್ರಾಂತಿಯ ಕಾರಣ ಕುಟುಂಬವು ನೆಲೆ ತೊರೆದು ಅಮೆರಿಕಕ್ಕೆ ಬಂದಿತು. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಗಣಿ ಎಂಜಿನಿಯರಿಂಗ್ ಹಾಗೂ ಲೋಹಶಾಸ್ತ್ರವನ್ನು ಅಭ್ಯಸಿಸಿದ ಇವರು, ೧೯೨೭ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಸಂಶೋಧನೆ

೧೯೨೯ರಲ್ಲಿ ಬರ್ಲಿನ್‌ಗೆ ತೆರಳಿ ಮೈಕಲ್ ಪೊಲಾನಿ ಅವರೊಡನೆ ಕೆಲಸ ಮಾಡಿದರು. ಹೈಡ್ರೋಜನ್ ಪರಮಾಣುವೊಂದು ಹೈಡ್ರೋಜನ್ ಅಣುವಿಗೆ ಡಿಕ್ಕಿ ಹೊಡೆದು, ಅದರ ಒಂದು ಪರಮಾಣುವಿನ ಸ್ಥಾನವನ್ನು ಪಡೆಯುವುದು ಅತ್ಯಂತ ಸರಳ ರಾಸಾಯನಿಕ ಕ್ರಿಯೆಗಳಲ್ಲೊಂದು. ಫ್ರಿಟ್ಜ್ ಲಂಡನ್ ಅವರ ಕ್ವಾಂಟಮ್ ಸೂತ್ರವನ್ನೂ ರೋಹಿತ ಮಾಪನಗಳನ್ನೂ ಬಳಸಿ, ಈ ಕ್ರಿಯೆಯ ವಿಭವ ಶಕ್ತಿಯ ಮೇಲ್ಮೈಯನ್ನು ಇವರಿಬ್ಬರು ೧೯೩೧ರಲ್ಲಿ ಪ್ರಕಟಿಸಿದರು. ಕಣಿವೆ ಮತ್ತು ಕಣಿವೆಗಳ ನಡುವಿನ ಘಟ್ಟದಂತೆ ಕಾಣುವ ಈ ನಕ್ಷೆಯು ಕ್ರಿಯೆ ದಾಟಬೇಕಾದ ಶಕ್ತಿಯ ತಡೆಯನ್ನು ತೋರಿಸಿತು.

೧೯೩೧ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಐರಿಂಗ್, ಘಟ್ಟದ ತುದಿಯಲ್ಲಿರುವ ಕ್ಷಣಿಕ ರಚನೆಗೆ ಸಂಖ್ಯಾಕಲನ ವಿಜ್ಞಾನವನ್ನು ಅನ್ವಯಿಸಿ ಕ್ರಿಯಾವೇಗದ ಸಮೀಕರಣವನ್ನು ರೂಪಿಸಿದರು. ಪರಿಶೀಲಕರು ಮೊದಲು ಈ ಲೇಖನವನ್ನು ತಿರಸ್ಕರಿಸಿದರು. ಯೂಜೀನ್ ವಿಗ್ನರ್ ಮತ್ತು ಹ್ಯೂ ಟೇಲರ್ ಅವರ ಬೆಂಬಲದಿಂದ ಅದು ೧೯೩೫ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪೊಲಾನಿ ಮತ್ತು ಎಂ. ಜಿ. ಇವಾನ್ಸ್ ಸ್ವತಂತ್ರವಾಗಿ ಇದೇ ಸಿದ್ಧಾಂತವನ್ನು ಮಂಡಿಸಿದರು.

ಮಿತಿ ಮತ್ತು ಪ್ರಭಾವ

ಈ ಸಿದ್ಧಾಂತವು ತಡೆಯನ್ನು ದಾಟುವ ಚಲನೆಯನ್ನು ಅಭಿಜಾತ ಭೌತವಿಜ್ಞಾನದ ರೀತಿಯಲ್ಲಿ ಪರಿಗಣಿಸುತ್ತದೆ. ಆದರೆ ಹಗುರವಾದ ಹೈಡ್ರೋಜನ್, ಸಾಕಷ್ಟು ಶಕ್ತಿಯಿಲ್ಲದಿದ್ದರೂ ಸುರಂಗ ಪರಿಣಾಮದಿಂದ ತಡೆಯನ್ನು ಹಾಯಬಲ್ಲದು. ಆದ್ದರಿಂದ ಕಡಿಮೆ ಉಷ್ಣತೆಯಲ್ಲಿ ಸಮೀಕರಣಕ್ಕೆ ತಿದ್ದುಪಡಿ ಬೇಕಾಗುತ್ತದೆ. ಆರಂಭಿಕ ನಕ್ಷೆಯ ಘಟ್ಟದ ಮೇಲೆ ಕಂಡ 'ಐರಿಂಗ್ ಸರೋವರ' ಎಂಬ ತಗ್ಗು ಅಂದಾಜು ವಿಧಾನದ ದೋಷವೆಂದು ನಂತರದ ನಿಖರ ಗಣನೆಗಳು ತೋರಿಸಿದವು. ಇದೇ ಕ್ರಿಯೆಯ ಚದುರುವಿಕೆಯನ್ನು ೧೯೭೦ರ ದಶಕದಲ್ಲಿ ಜಾರ್ಜ್ ಶಾಟ್ಸ್ ಮತ್ತು ಆರನ್ ಕಪರ್‌ಮನ್ ಮೂರು ಆಯಾಮಗಳಲ್ಲಿ ಕ್ವಾಂಟಮ್ ಬಲವಿಜ್ಞಾನದಿಂದ ಲೆಕ್ಕ ಹಾಕಿದರು. ಅಂತಹ ಗಣನೆಗಳಿಗೆಲ್ಲ ವಿಭವ ಶಕ್ತಿಯ ಮೇಲ್ಮೈಯೇ ಆಧಾರ.

ಕೊನೆಯ ವರ್ಷಗಳು

೧೯೪೬ರಲ್ಲಿ ಯೂಟಾ ವಿಶ್ವವಿದ್ಯಾಲಯವನ್ನು ಸೇರಿದ ಇವರು ಕೊನೆಯವರೆಗೂ ಅಲ್ಲಿಯೇ ಸಂಶೋಧನೆ ನಡೆಸಿದರು. ೧೯೬೩ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ೧೯೬೬ರ ರಾಷ್ಟ್ರೀಯ ವಿಜ್ಞಾನ ಪದಕ ಮತ್ತು ೧೯೮೦ರ ವುಲ್ಫ್ ಪ್ರಶಸ್ತಿ ಇವರಿಗೆ ಸಂದವು. ನೊಬೆಲ್ ಪ್ರಶಸ್ತಿ ದೊರೆಯಲಿಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲಿ ನಿಧನರಾದರು. ಇವರ ಸಮೀಕರಣವು ಇಂದಿಗೂ ಭೌತ ರಸಾಯನ ವಿಜ್ಞಾನದ ಪಠ್ಯಗಳಲ್ಲಿ ಐರಿಂಗ್ ಸಮೀಕರಣವೆಂದೇ ಪ್ರಸಿದ್ಧವಾಗಿದೆ.