ತೊರಪಳ್ಳಿಯ ರಾಜಾಜಿ: ಸೆರೆಮನೆಯ ಸಹವಾಸ

ಭಾರತದ ಕೊನೆಯ ಗವರ್ನರ್ ಜನರಲ್ ಯಾರೆಂದು ಕೇಳಿದರೆ ಮಕ್ಕಳು ರಾಜಾಜಿಯವರ ಹೆಸರನ್ನು ಥಟ್ಟನೆ ಹೇಳುತ್ತಾರೆ. ಅವರ ಸೆರೆವಾಸದ ಸಂಗತಿಯನ್ನು ನಾವು ಉಪಾಧ್ಯಾಯರು ಹೇಳಿಕೊಡುವುದು ಕಡಿಮೆ.

ಹೊಸೂರು ಸೀಮೆಯೂ ನಮ್ಮ ಕಾಸರಗೋಡಿನಂತೆ ಗಡಿನಾಡು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಆ ಸೀಮೆಯ ತೊರಪಳ್ಳಿಯಲ್ಲಿ 1878ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಹುಟ್ಟಿದರು. ಹೊಸೂರಿನಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಕನ್ನಡದಲ್ಲಿ 'ಕೆಲವು ನೆನಪುಗಳು' ಬರೆದ ನವರತ್ನ ರಾಮರಾಯರು ಅಲ್ಲಿ ದೊರೆತ ಗೆಳೆಯರು. ಆ ಸ್ನೇಹ ಕೊನೆಯವರೆಗೂ ಬಾಡಲಿಲ್ಲ.

ಸೇಲಂನಲ್ಲಿ ವಕೀಲಿ ಚೆನ್ನಾಗಿ ನಡೆದಿತ್ತು. ಗಾಂಧೀಜಿಯ ಕರೆಗೆ ಓಗೊಟ್ಟು ಅದನ್ನು ಬಿಟ್ಟರು. 1921ರ ಡಿಸೆಂಬರ್ 21ರಂದು ವೆಲ್ಲೂರು ಸೆರೆಮನೆ ಸೇರಿದಾಗ ವಯಸ್ಸು 43. ಉಬ್ಬಸದ ಕಾಟ ಬೇರೆ. ಪತ್ನಿ 1916ರಲ್ಲೇ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿಯಿಲ್ಲದ ಐವರು ಮಕ್ಕಳು. ಆ ಮೂರು ತಿಂಗಳು ಅವರು ಸಂಗಾತಿ ಮಾಡಿಕೊಂಡದ್ದು ಒಂದು ದಿನಚರಿಯನ್ನು. ಸ್ವರಾಜ್ಯ ಬಂದೊಡನೆ ಜನಕ್ಕೆ ಸುಖ ಬಾರದು, ಚುನಾವಣೆಯ ಅನಾಚಾರ, ಹಣವಂತರ ದರ್ಪ, ಆಡಳಿತದ ಅದಕ್ಷತೆ ಕಾಡುವುವು, ಶೀಲ ಕಲಿಸುವ ಶಿಕ್ಷಣವೊಂದೇ ದಾರಿ ಎಂದು ಅದರಲ್ಲಿ ಬರೆದಿಟ್ಟರು. ಸ್ವರಾಜ್ಯಕ್ಕಾಗಿಯೇ ಜೈಲು ಸೇರಿದವರು ಹೀಗೆ ಬರೆದರಲ್ಲ ಎಂದು ನಮಗೆ ಈಗಲೂ ಸೋಜಿಗ.

1930ರಲ್ಲಿ ಅವರು ಸಹವಾಸವನ್ನು ಮೊದಲೇ ಆರಿಸಿಕೊಂಡರು. ಉಪ್ಪಿನ ಸತ್ಯಾಗ್ರಹಕ್ಕೆ ತಿರುಚಿನಾಪಳ್ಳಿಯಿಂದ ವೇದಾರಣ್ಯಕ್ಕೆ 150 ಮೈಲು ನಡೆಯಬೇಕಿತ್ತು. ಕೊನೆಗೆ ಸೆರೆಮನೆ ಖಂಡಿತ. ಮುಂದೆ ಬಂದವರನ್ನೆಲ್ಲ ಸೇರಿಸಿಕೊಳ್ಳದೆ, ಶಿಸ್ತಿಗೆ ಒಗ್ಗುವ ನೂರರಷ್ಟು ಮಂದಿಯನ್ನು ಮಾತ್ರ ತೆಗೆದುಕೊಂಡರು. ಏಪ್ರಿಲ್ 13ಕ್ಕೆ ಹೊರಟು, 30ರಂದು ಉಪ್ಪು ಎತ್ತಿ ಬಂಧಿತರಾದರು. ಅವರ ಹಿಂದೆ ಬಂದವರೂ ಒಬ್ಬೊಬ್ಬರಾಗಿ ಜೈಲು ಸೇರಿದರು. ಹೀಗೆ ಕೂಡಿ ನಡೆದು, ಕೂಡಿ ಉಪವಾಸವಿದ್ದು ಪಳಗಿದ ಜನ ಜೈಲಿನಲ್ಲಿ ಒಬ್ಬರನ್ನೊಬ್ಬರು ಕುಗ್ಗಲು ಬಿಡರೆಂದು ನಮ್ಮ ಅನಿಸಿಕೆ.

1940ರ ಡಿಸೆಂಬರಿನಲ್ಲಿ ಮತ್ತೆ ಸೆರೆ. ಆಮೇಲಿನದೇ ಕಷ್ಟದ ಕಾಲ. ಮುಸ್ಲಿಂ ಲೀಗಿನೊಡನೆ ಒಪ್ಪಂದವಾಗಬೇಕೆಂದು ವಾದಿಸಿ 1942ರಲ್ಲಿ ಕಾಂಗ್ರೆಸ್ಸನ್ನು ತೊರೆದರು. ಕ್ವಿಟ್ ಇಂಡಿಯಾ ಚಳವಳಿಗೂ ಸೇರಲಿಲ್ಲ. ಆಗಸ್ಟಿನಲ್ಲಿ ಜೊತೆಗಾರರೆಲ್ಲ ಒಳಗೆ, ಇವರೊಬ್ಬರೇ ಹೊರಗೆ. ನಿನ್ನೆಯ ಅಭಿಮಾನಿಗಳಿಂದಲೇ ಬೈಗುಳ ತಿಂದರು. ಜೈಲಿನ ಒಂಟಿತನಕ್ಕಿಂತ ಇದು ಹೆಚ್ಚು ಸುಟ್ಟಿರಬೇಕು.

1943ರ ಆರಂಭದಲ್ಲಿ ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ 21 ದಿನ ಉಪವಾಸವಿದ್ದರು. ಅವರು ರಾಜಾಜಿಗೆ ಬೀಗರು ಕೂಡ. ಮಗಳು ಲಕ್ಷ್ಮಿಯನ್ನು ದೇವದಾಸ ಗಾಂಧಿಗೆ ಕೊಟ್ಟಿತ್ತು. ರಾಜಾಜಿ ಅಲ್ಲಿಗೆ ಹೋಗಿ ಗಾಂಧೀಜಿಯನ್ನು ಕಂಡು, ಲೀಗಿನೊಡನೆ ಸಂಧಾನಕ್ಕೆ ತಾವು ರೂಪಿಸಿದ್ದ ಸೂತ್ರವನ್ನು ಮುಂದಿಟ್ಟು, ಒಪ್ಪಿಗೆ ಪಡೆದು ಹೊರಬಂದರು.