ಆಟ ಬಲ್ಲ ಅರಸು: ಮುಮ್ಮಡಿ ಕೃಷ್ಣರಾಜ ಒಡೆಯರು

ಚಳ್ಳಕೆರೆ ಸೀಮೆಯ ನನ್ನಿವಾಳದಂತಹ ಊರುಗಳಲ್ಲಿ ಹುಲಿ-ಕುರಿ ಆಟವನ್ನು ನೋಡದೆ ಬೆಳೆದ ಹಿರಿಯರು ವಿರಳ. ಕಲ್ಲುಚಪ್ಪಡಿಯ ಮೇಲೆ ಗೆರೆ ಎಳೆದು, ಹರಳುಗಳನ್ನಿಟ್ಟು ಆಡುವ ಈ ಆಟದಲ್ಲಿ ಹುಲಿಗೆ ಕುರಿಯನ್ನು ಹಾರಿ ಹಿಡಿಯುವ ಬಲವುಂಟು. ಕುರಿಗೆ ಆ ಬಲವಿಲ್ಲ. ಆದರೂ ಕುರಿಗಳು ಒಂದರ ಬೆನ್ನಿಗೊಂದು ಒತ್ತಿ ನಿಂತು, ತಮ್ಮ ಹಿಂದಿನ ಮನೆಯನ್ನು ಬರಿದು ಬಿಡದೆ ಹೋದರೆ ಹುಲಿಯ ಪೌರುಷವೆಲ್ಲ ವ್ಯರ್ಥವಾಗುವುದು. ಇಸ್ಪೀಟಿನ ಪೋಕರ್ ಆಟವನ್ನು ಬಲ್ಲವರೂ ಇದೇ ತತ್ತ್ವವನ್ನು ಬೇರೊಂದು ರೀತಿಯಲ್ಲಿ ಹೇಳುತ್ತಾರೆ. ಉತ್ತಮವಾದ ಎಲೆಗಳು ಕೈಗೆ ಬಾರದೆ ಪಣಕ್ಕಿಳಿಯದ, ಇಳಿದರೂ ಪಣವನ್ನು ಏರಿಸದ ಎದುರಾಳಿಯನ್ನು ಬೆದರಿಸಿ ದೊಡ್ಡ ಗಂಟನ್ನು ಗೆಲ್ಲುವುದು ಸಾಧ್ಯವಿಲ್ಲ. ಅವನು ಬಿಟ್ಟುಕೊಡುವ ಸಣ್ಣ ಪಣಗಳನ್ನು ಒಂದೊಂದಾಗಿ ಎತ್ತಿಕೊಳ್ಳಬೇಕು. ಅವನೇ ಮುಂದಾಗಿ ಪಣ ಏರಿಸಿದಾಗ ಎಲೆ ಮಡಚಿ ಹಿಂದೆ ಸರಿಯಬೇಕು. ಆಟಗಳಲ್ಲಿ ಅಪಾರ ಪರಿಣತಿಯಿದ್ದ ಒಬ್ಬ ಕನ್ನಡ ಅರಸರು ಈ ಪಾಠವನ್ನು ತಮ್ಮ ಬಾಳಿನಲ್ಲಿ ಬಹಳ ಬೆಲೆ ತೆತ್ತು ಕಲಿತರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ಅಧಿಕಾರವು ಟಿಪ್ಪು ಸುಲ್ತಾನನ ಕೈಯಲ್ಲಿತ್ತು; ರಾಜಮನೆತನಕ್ಕೆ ಉಳಿದಿದ್ದುದು ಹೆಸರು ಮಾತ್ರ. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿ ಬೆಳೆದ ಬಾಲಕನಿಗೆ, 1799ರ ಮೇ 4ರಂದು ಟಿಪ್ಪುವಿನ ಪತನವಾದ ಮೇಲೆ, ಐದನೆಯ ವಯಸ್ಸಿನಲ್ಲಿ ಇಂಗ್ಲಿಷರು ಪಟ್ಟ ಕಟ್ಟಿದರು. ದಿವಾನ್ ಪೂರ್ಣಯ್ಯನವರು ಹನ್ನೆರಡು ವರ್ಷ ರಾಜ್ಯಭಾರವನ್ನು ಬಿಗಿಯಾಗಿ ನಡೆಸಿ, ತುಂಬಿದ ಬೊಕ್ಕಸವನ್ನು ತರುಣ ದೊರೆಯ ಕೈಗೊಪ್ಪಿಸಿದರು.

ದೊರೆಯ ಕೈ ಧಾರಾಳವಾದದ್ದು. ಪಂಡಿತರಿಗೆ, ದೇವಾಲಯಗಳಿಗೆ, ಕಲಾವಿದರಿಗೆ, ಅವರ ಜೊತೆಗೆ ಹೊಗಳುಭಟರಿಗೂ ಹಣವು ನೀರಿನಂತೆ ಹರಿಯಿತು. ಬೊಕ್ಕಸ ಬರಿದಾಯಿತು. ಕಂದಾಯದ ವಸೂಲಿಯು ಗುತ್ತಿಗೆಯವರ ಪಾಲಾಗಿ, ರೈತನ ಗೋಳನ್ನು ಕೇಳುವವರಿಲ್ಲದಂತಾಯಿತು. 1830ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ಇದನ್ನೇ ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನು ವಶಪಡಿಸಿಕೊಂಡನು. ಕೃಷ್ಣರಾಜರಿಗೆ ಆಗ 37 ವರ್ಷ. ಅರಮನೆ, ಬಿರುದು, ವರ್ಷಾಶನಗಳು ಉಳಿದವು. ಆಳುವ ಹಕ್ಕು ಹೋಯಿತು. ಕಮಿಷನರರು ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ನಗರ, ಚಿತ್ರದುರ್ಗಗಳೆಂಬ ನಾಲ್ಕು ವಿಭಾಗಗಳಾಗಿ ಮಾಡಿ ಆಳತೊಡಗಿದರು. ನನ್ನಿವಾಳದ ರೈತನು ಸಲ್ಲಿಸಿದ ಕಂದಾಯವೂ ಅಂದಿನಿಂದ ಅವರ ಲೆಕ್ಕಕ್ಕೇ ಸೇರಿತು.

ಅಧಿಕಾರವನ್ನು ಕಳೆದುಕೊಂಡ ಅರಸರು ಅರಮನೆಯನ್ನು ವಿದ್ಯೆಯ ಮನೆಯನ್ನಾಗಿ ಮಾಡಿಕೊಂಡರು. 1833ರಲ್ಲಿ ಅವರು ಮೈಸೂರಿನಲ್ಲಿ ತೆರೆಸಿದ ಉಚಿತ ಇಂಗ್ಲಿಷ್ ಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳ ಬೃಹತ್ ಸಚಿತ್ರ ಗ್ರಂಥ. ಅದರ ಕಡೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳ ವಿವರಣೆಯಿದೆ. ದಶಾವತಾರ ಗಂಜೀಫಾದ 120 ದುಂಡನೆಯ ಎಲೆಗಳು ದೊರೆಗೆ ಸಾಲದೆ ಹೋದವು. ದೇವತೆಗಳನ್ನೂ ಗ್ರಹಗಳನ್ನೂ ಎಲೆಗಳ ಮೇಲೆ ನಿಲ್ಲಿಸಿ ಛಾದಗಳೆಂಬ ಹೊಸ ಆಟಗಳನ್ನು ಕಲ್ಪಿಸಿದರು. ಅವುಗಳಲ್ಲಿ ಕೆಲವಕ್ಕೆ 300ಕ್ಕೂ ಮಿಕ್ಕ ಎಲೆಗಳು ಬೇಕು. ಚದುರಂಗದ ಕುದುರೆಯು 64 ಮನೆಗಳಲ್ಲಿ ಯಾವುದನ್ನೂ ಎರಡು ಸಲ ಮೆಟ್ಟದೆ ಎಲ್ಲವನ್ನೂ ಸುತ್ತಿ ಬರುವ ನಡೆಗಳನ್ನು ಕಟ್ಟುವುದರಲ್ಲಿಯೂ ಅವರು ನಿಸ್ಸೀಮರು.

ರಾಜ್ಯಭ್ರಷ್ಟನಾದವನ ಕಾಲಹರಣವೆಂದು ಇದನ್ನು ತಳ್ಳಿಹಾಕಿದವರುಂಟು. ಆದರೆ ಅದೇ ಅವಧಿಯಲ್ಲಿ ಅವರು ಇನ್ನೊಂದು ಆಟವನ್ನೂ ಆಡುತ್ತಿದ್ದರೆಂಬುದನ್ನು ಮರೆಯಲಾಗದು. ಅಲ್ಲಿನ ಎದುರಾಳಿ ಕಲ್ಕತ್ತೆ ಮತ್ತು ಲಂಡನ್ನಿನ ಸರಕಾರ. ಆ ಸರಕಾರವು ಮೈಸೂರನ್ನು ನುಂಗಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಬೆಂಟಿಂಕನೇ ಬಳಿಕ ಅಳುಕಿ, 1834ರಲ್ಲಿ ರಾಜ್ಯದ ಒಂದು ಭಾಗವನ್ನಾದರೂ ಮರಳಿಸಬಹುದೆಂದು ಸೂಚಿಸಿದನು; ಲಂಡನ್ನಿನವರು ಒಪ್ಪಲಿಲ್ಲ. 1844ರಲ್ಲಿ ಕೃಷ್ಣರಾಜರು ಹಾರ್ಡಿಂಜನಿಗೆ ಮನವಿ ಸಲ್ಲಿಸಿದರು. ಮೂರು ವರ್ಷಗಳ ಬಳಿಕ ಬಂದ ಉತ್ತರವೂ ನಿರಾಕರಣೆಯೇ. ಔರಸ ಪುತ್ರನಿಲ್ಲದ ಈ ದೊರೆಯ ಕಾಲಾನಂತರ ಮೈಸೂರು ತಾನಾಗಿಯೇ ಕೈಗೆ ಬೀಳುವುದೆಂದು 1856ರಲ್ಲಿ ಡಾಲ್‌ಹೌಸಿಯು ಎಣಿಕೆ ಹಾಕಿದ್ದನು. ಸುಮ್ಮನೆ ಕುಳಿತಿದ್ದರೆ ಸಾಕು, ಕಾಲವೇ ಗೆಲ್ಲಿಸುವುದೆಂಬುದು ಆ ಕಡೆಯವರ ನಂಬಿಕೆ.

ಇಂತಹ ಎದುರಾಳಿಯ ಮುಂದೆ ಆವೇಶದಿಂದ ಫಲವಿಲ್ಲವೆಂಬುದನ್ನು ಕೃಷ್ಣರಾಜರು ಅರಿತರು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಅವರು ಇಂಗ್ಲಿಷರ ಪಕ್ಷದಲ್ಲಿಯೇ ನಿಂತರು. ಇಂದಿನ ಓದುಗರಿಗೆ ಇದು ಹಿತವೆನಿಸದಿರಬಹುದು. ಆದರೆ ಒಂದು ತಪ್ಪು ಹೆಜ್ಜೆಗಾಗಿ ಕಾದಿದ್ದವರಿಗೆ ಆ ಹೆಜ್ಜೆಯು ದೊರೆಯಲಿಲ್ಲವೆಂಬುದೂ ನಿಜ. 1860ರಲ್ಲಿ ಮೈಸೂರನ್ನು ಮದರಾಸು ಸರಕಾರದ ಕೈಕೆಳಗೆ ತರುವ ಆಜ್ಞೆ ಹೊರಟಾಗ ಮಾತ್ರ ಅವರು ಬಲವಾಗಿ ಪ್ರತಿಭಟಿಸಿದರು. ಕಮಿಷನರನಾದ ಮಾರ್ಕ್ ಕಬ್ಬನನಿಗೂ ಅದು ಒಪ್ಪಿಗೆಯಾಗಿರಲಿಲ್ಲ. ಆಜ್ಞೆಯು ಹಿಂದೆ ಸರಿಯಿತು. ಮೂವತ್ತು ವರ್ಷಗಳಲ್ಲಿ ದೊರೆತ ಒಂದು ಸಣ್ಣ ಗೆಲುವು ಅದು.

ಆ ಬಳಿಕವೂ ಆಡಳಿತವನ್ನು ಮರಳಿ ಕೊಡಬೇಕೆಂದು ಕೇಳಿದ್ದಕ್ಕೆ 1862ರಲ್ಲಿ ಮತ್ತೆ ನಿರಾಕರಣೆ ಬಂದಿತು. ವಯಸ್ಸು ಎಪ್ಪತ್ತನ್ನು ಸಮೀಪಿಸುತ್ತಿತ್ತು. ತಾವು ಮತ್ತೆ ಆಳುವ ಆಸೆಗಿಂತ ಮನೆತನವನ್ನು ಉಳಿಸುವ ಚಿಂತೆ ದೊಡ್ಡದಾಯಿತು. ಸಮ್ಮತಿಗಾಗಿ ಕಾಯುತ್ತ ಕೂಡದೆ, 1865ರ ಜೂನ್ ತಿಂಗಳಿನಲ್ಲಿ ಎರಡು ವರ್ಷದ ಚಾಮರಾಜೇಂದ್ರನನ್ನು ಶಾಸ್ತ್ರೋಕ್ತವಾಗಿ ದತ್ತು ಸ್ವೀಕರಿಸಿದರು. ಕಲ್ಕತ್ತೆ ಒಪ್ಪಲಿಲ್ಲ. ಅರಸರು ಇಂಗ್ಲೆಂಡಿನಲ್ಲಿ ತಮ್ಮ ಪರವಾಗಿ ನುಡಿಯುವವರನ್ನು ಕೂಡಿಸಿಕೊಂಡು, ವಿಷಯವನ್ನು ಪಾರ್ಲಿಮೆಂಟಿನವರೆಗೆ ಮುಟ್ಟಿಸಿದರು. 1867ರ ಏಪ್ರಿಲಿನಲ್ಲಿ ಭಾರತ ಮಂತ್ರಿಯಾದ ಸ್ಟಾಫರ್ಡ್ ನಾರ್ಥ್‌ಕೋಟನು ದತ್ತಕವನ್ನು ಮನ್ನಿಸಿದನು. ಮೂವತ್ತಾರು ವರ್ಷ ಬಿಗಿಯಾಗಿ ಮುಚ್ಚಿದ್ದ ಮನೆಯೊಂದು ಕೊನೆಗೂ ತೆರೆಯಿತು.

ಅದಾಗಿ ಒಂದು ವರ್ಷ ತುಂಬುವ ಮೊದಲೇ, 1868ರ ಮಾರ್ಚ್ 27ರಂದು ಕೃಷ್ಣರಾಜರು ಕಾಲವಾದರು. ಅದೇ ವರ್ಷ ಐದು ವಯಸ್ಸಿನ ಚಾಮರಾಜೇಂದ್ರನಿಗೆ ಪಟ್ಟವಾಯಿತು. ತಮಗೂ ಅದೇ ವಯಸ್ಸಿನಲ್ಲಿ ಪಟ್ಟವಾಗಿದ್ದುದನ್ನು ಅಜ್ಜನಂತಿದ್ದ ಆ ತಂದೆಯು ಎಷ್ಟು ಬಾರಿ ನೆನೆದಿದ್ದರೋ! 1881ರ ಮಾರ್ಚ್ 25ರಂದು ಆಡಳಿತವು ಒಡೆಯರ ಮನೆತನಕ್ಕೆ ಮರಳಿತು. ಯೌವನದಲ್ಲಿ ಕೈಬಿಚ್ಚಿ ಆಡಿ ರಾಜ್ಯವನ್ನು ಕಳೆದುಕೊಂಡ ಅರಸರನ್ನು ಇತಿಹಾಸವು ಕ್ಷಮಿಸಬೇಕಾಗಿಲ್ಲ. ನಗರದ ರೈತರ ಕಣ್ಣೀರು ಅಲ್ಲಿ ಸಾಕ್ಷಿಯಾಗಿದೆ. ಆದರೆ ಮುಪ್ಪಿನಲ್ಲಿ, ತಾವು ಕಣ್ಣಾರೆ ಕಾಣಲಾರದ ಗೆಲುವಿಗಾಗಿ ತಾಳ್ಮೆಯಿಂದ ಆಡಿದ ಆ ವೃದ್ಧರನ್ನೂ ಅದು ಮರೆಯಬಾರದು.